ಇಳಿವಯಸ್ಸಿನ ಚರ್ಮಕ್ಕೆ ಹಿತ್ತಿಲ ಮೂಲಿಕೆಗಳು

ಪ್ರಾಯವು ಏರಿದಂತೆ ಚರ್ಮವು ಸಡಿಲವಾಗುವುದೂ ಸುಕ್ಕುಗಟ್ಟುವುದೂ ಪ್ರಕೃತಿನಿಯಮವು. ಚರ್ಮದ ಒಳಪದರದಲ್ಲಿ ಬಿಗಿಯನ್ನು ಕೊಡುವ ಕೊಲಾಜನ್, ಹಿಗ್ಗಿ ಕುಗ್ಗುವ ಶಕ್ತಿಯನ್ನು ಕೊಡುವ ಇಲಾಸ್ಟಿನ್ ಎಂಬ ಎರಡು ವಿಧದ ನಾರುಗಳಿರುವುವು. ಇವು ಕ್ರಮೇಣ ಕ್ಷೀಣಿಸಿದಾಗ ಚರ್ಮವು ಜೋತುಬೀಳುವುದು. ಬಿಸಿಲೂ ತಂಬಾಕಿನ ಹೊಗೆಯೂ ಈ ಕ್ಷಯವನ್ನು ತ್ವರೆಗೊಳಿಸುವುವು.

ಬೈಂದೂರಿನ ಬಳಿಯ ಯಡ್ತರೆಯಂಥ ಕರಾವಳಿಯ ಗ್ರಾಮಗಳಲ್ಲಿ ಈ ವಿಷಯವು ವಿಶೇಷವಾಗಿ ವಿಚಾರಾರ್ಹವಾದುದು. ಗದ್ದೆಯ ದುಡಿಮೆಯಾಗಲಿ, ಕಡಲಂಚಿನಲ್ಲಿ ಮೀನು ಒಣಗಿಸುವುದಾಗಲಿ ಬಿಸಿಲಿನಲ್ಲಿಯೇ ನಡೆಯತಕ್ಕದ್ದಷ್ಟೆ. ಹೀಗೆ ದುಡಿದ ಹಿರಿಯ ಗೃಹಿಣಿಯೊಬ್ಬಳ ಮುಂಗೈಯನ್ನೂ, ರವಿಕೆಯ ತೋಳಿನೊಳಗೆ ಮುಚ್ಚಿದ್ದ ಚರ್ಮವನ್ನೂ ಹೋಲಿಸಿ ನೋಡಿರಿ. ಎರಡಕ್ಕೂ ಪ್ರಾಯವು ಒಂದೇ. ಆದರೂ ಮುಂಗೈಯೇ ಹೆಚ್ಚು ಮುದುಡಿರುವುದು.

ಚರಕಸಂಹಿತೆಯಲ್ಲಿ ‘ವಯಃಸ್ಥಾಪನ’ವೆಂಬ ಹತ್ತು ಮೂಲಿಕೆಗಳ ಗಣವಿದೆ. ಅಮೃತಬಳ್ಳಿ, ಅಳಲೆ, ನೆಲ್ಲಿ, ಮಂಡೂಕಪರ್ಣಿ ಮುಂತಾದುವು ಅದರಲ್ಲಿ ಸೇರಿವೆ. ಮಂಡೂಕಪರ್ಣಿಯೆಂದರೆ ಬಾವಿಕಟ್ಟೆಯ ಬಳಿ ಹಬ್ಬುವ ಒಂದೆಲಗವೇ. ಇದರ ಸತ್ತ್ವಗಳು ಕೊಲಾಜನ್ನಿನ ಉತ್ಪತ್ತಿಗೆ ಪ್ರೇರಕವೆಂದು ಪ್ರಯೋಗಶಾಲೆಗಳಲ್ಲಿ ಕಂಡುಬಂದಿದೆ. ಆದರೆ ಮನೆಯ ಎಣ್ಣೆಯೂ ಅಷ್ಟೇ ಕೆಲಸ ಮಾಡುವುದೆಂದು ನಾವು ಹೇಳಲಾರೆವು.

ಒಂದೆಲಗದ ಎಣ್ಣೆ: ನಾಲ್ಕು ಪಾಲು ತೆಂಗಿನ ಎಣ್ಣೆಗೆ ಹದಿನಾರು ಪಾಲು ಎಲೆಯ ರಸ, ಒಂದು ಪಾಲು ನುಣ್ಣಗೆ ಅರೆದ ಎಲೆ ಸೇರಿಸಿ ಸಣ್ಣ ಉರಿಯಲ್ಲಿ ಕಾಯಿಸಬೇಕು. ಬತ್ತಿಗೆ ಹಚ್ಚಿ ಉರಿಸಿದಾಗ ಚಟಪಟ ಸದ್ದಾಗದಿದ್ದರೆ ನೀರಿನಂಶವು ಆರಿ ಪಾಕವಾಯಿತೆಂದು ತಿಳಿಯತಕ್ಕದ್ದು. ಆರಿಸಿ, ಸೋಸಿ, ಸ್ನಾನಕ್ಕೆ ಅರ್ಧ ಗಂಟೆ ಮೊದಲು ಹಚ್ಚಬೇಕು.

ಮುರುಗಲ ತುಪ್ಪ: ಮುರುಗಲ ಹಣ್ಣಿನ ಬೀಜಗಳನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಮೇಲೆ ತೇಲುವ ಜಿಡ್ಡು ಆರಿದಾಗ ಗಟ್ಟಿಯಾಗುವುದು. ಇದನ್ನು ಸ್ವಲ್ಪ ಬಿಸಿಮಾಡಿ ಸ್ನಾನದ ನಂತರ, ಒದ್ದೆಯಾರುವ ಮೊದಲೇ ಸವರಿದರೆ ಚರ್ಮದ ತೇವವು ಉಳಿಯುವುದು. ಒಡೆದ ಹಿಮ್ಮಡಿಗೂ ಇದು ಹಿತಕರ.

ಲೋಳೆಸರ: ಎಲೆಯನ್ನು ಕೊಯ್ದು ನಿಲ್ಲಿಸಿ, ಹಳದಿಯ ರಸವು ಪೂರ್ಣವಾಗಿ ಸೋರಿದ ಮೇಲೆ ಒಳಗಿನ ತಿಳಿಲೋಳೆಯನ್ನು ಮಾತ್ರ ಹಚ್ಚಬೇಕು. ಆ ಹಳದಿಯ ರಸವು ತುರಿಕೆಯನ್ನುಂಟುಮಾಡುವುದು.

ಯಾವುದನ್ನೇ ಆಗಲಿ ಮೊದಲು ಮೊಣಕೈಯ ಒಳಭಾಗದಲ್ಲಿ ಹಚ್ಚಿ ಒಂದು ದಿನ ಕಾದು ನೋಡುವುದು ಲೇಸು. ಲಿಂಬೆಯ ರಸವನ್ನಂತೂ ಮುಖಕ್ಕೆ ಹಚ್ಚಲೇಬಾರದು. ಅದನ್ನು ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟಂತೆ ಬೊಕ್ಕೆಗಳೆದ್ದು ಕಪ್ಪುಕಲೆಗಳು ಉಳಿಯಬಹುದು.

ಇವುಗಳಿಂದ ಒಣಚರ್ಮವು ಮೃದುವಾಗುವುದು, ಸಣ್ಣ ಗೆರೆಗಳು ಮಸುಕಾಗಿ ಕಾಣುವುವು. ಆದರೆ ಜೋತುಬಿದ್ದ ಕೆನ್ನೆಯನ್ನು ಮೇಲಕ್ಕೆತ್ತುವ ಸೊಪ್ಪು ಯಾವುದೂ ಇಲ್ಲ. ಔಷಧಗಳನ್ನು ಕುರಿತ 1945ರ ನಿಯಮಗಳ ಜೆ ಅನುಸೂಚಿಯಲ್ಲಿ ಅಕಾಲವೃದ್ಧಾಪ್ಯವೂ ಸೇರಿದೆ. ಅಂದರೆ ಅದನ್ನು ಗುಣಪಡಿಸುವೆವೆಂದು ಯಾವ ಔಷಧದವರೂ ಹೇಳಿಕೊಳ್ಳಕೂಡದು. ಮೂಲಿಕೆಯ ಹೆಸರಿನಲ್ಲಿ ಬರುವ, ತಯಾರಕರ ವಿಳಾಸವಿಲ್ಲದ ಲೇಪಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಬಣ್ಣವನ್ನು ತಿಳಿಮಾಡುವ ಕೆಲವು ಲೇಪಗಳಲ್ಲಿ ಪಾದರಸವಿರುವುದುಂಟು. ಅದು ಮೂತ್ರಪಿಂಡಗಳಿಗೆ ವಿಷವು. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2023ರಲ್ಲಿ ಮೂತ್ರಪಿಂಡದ ರೋಗವೊಂದರಿಂದ ಬಳಲುತ್ತಿದ್ದ ಹಲವರು ಇಂಥ ಲೇಪಗಳನ್ನು ಬಳಸುತ್ತಿದ್ದುದನ್ನು ವೈದ್ಯರು ಗುರುತಿಸಿದರು.

ಹಾಗಾದರೆ ಮುಖ್ಯವಾದ ಉಪಾಯವಾವುದು? ಬಿಸಿಲಿನಿಂದ ರಕ್ಷಣೆಯೇ. ಆಸ್ಟ್ರೇಲಿಯದ ನಾಂಬೋರ್ ಎಂಬಲ್ಲಿ 900ಕ್ಕೂ ಮಿಕ್ಕ ಜನರನ್ನು ನಾಲ್ಕೂವರೆ ವರ್ಷ ಪರೀಕ್ಷಿಸಿದ ಫಲಿತಾಂಶವು 2013ರಲ್ಲಿ ಪ್ರಕಟವಾಯಿತು. ಬಿಸಿಲು ತಡೆಯುವ ಲೇಪವನ್ನು ದಿನವೂ ಹಚ್ಚಿದವರ ಚರ್ಮವು ಉಳಿದವರದಕ್ಕಿಂತ ಕಡಿಮೆ ಮುಪ್ಪಡರಿತ್ತು. ಆದಕಾರಣ ಗದ್ದೆಗಿಳಿಯುವವರು ಹಾಳೆಯ ಟೊಪ್ಪಿಗೆಯನ್ನೂ ತುಂಬುತೋಳಿನ ಅಂಗಿಯನ್ನೂ ಮರೆಯದಿರಲಿ. ಹುಡುಗಿಯರಿಗೂ ಹುಡುಗರಿಗೂ ಈ ಅಭ್ಯಾಸವನ್ನು ಎಳವೆಯಲ್ಲಿಯೇ ಮಾಡಿಸಬೇಕು. ಸಂಜೆ ಮನೆಗೆ ಬಂದ ಅಮ್ಮನ ಒರಟಾದ ಕೈಗಳಿಗೆ ಮುರುಗಲ ತುಪ್ಪವನ್ನು ಸವರುವ ಕೆಲಸವನ್ನೂ ಅವರಿಗೇ ವಹಿಸಿದರೆ ಬಹಳ ಒಳ್ಳೆಯದು.