ಮೈಗೆ ಹಚ್ಚಿದ ಮದ್ದು ಎಲ್ಲಿಗೆ ಹೋಗುತ್ತದೆ?
ಚರ್ಮದ ಬಾಗಿಲಲ್ಲಿ ಲೆಕ್ಕವಿಡುವ ಪರಮಾಣು

ಗಾಯಕ್ಕೆ ಮುಲಾಮು, ನೋವಿಗೆ ತೈಲ, ತುರಿಕೆಗೆ ಲೇಪ: ಪರಸ್ಥಳದಲ್ಲಿ ದುಡಿಯುವ ನಮ್ಮವರ ಟ್ರಂಕಿನಲ್ಲಿ ಇವು ಇರದೆ ಇರುವುದು ಅಪರೂಪ. ಗುಳಿಗೆ ನುಂಗಲು ಅಂಜುವವನೂ ಮೈಗೆ ಹಚ್ಚುವ ಮದ್ದಿಗೆ ಅಂಜುವುದಿಲ್ಲ. ಅದು ಮೇಲೆಯೇ ಉಳಿಯುವುದೆಂದು ಅವನ ನಂಬಿಕೆ. ಈ ನಂಬಿಕೆ ಎಷ್ಟರ ಮಟ್ಟಿಗೆ ದಿಟ? ಹಚ್ಚಿದುದರಲ್ಲಿ ಒಳಕ್ಕೆ ಇಳಿಯುವುದೆಷ್ಟು? ಈ ಪ್ರಶ್ನೆಗೆ ನಂಬಲರ್ಹವಾದ ಲೆಕ್ಕ ಒಪ್ಪಿಸಿದುದು ವಿಕಿರಣಶೀಲ ಪರಮಾಣು.

ಉಳಿದ ಅಡುಗೆಯ ಕಥೆ

ಈ ಉಪಾಯದ ಮೂಲಪುರುಷ ಹಂಗೇರಿಯ ಜಾರ್ಜ್ ಹೆವೆಶಿ. 1911ರ ಸುಮಾರಿನಲ್ಲಿ ಅವರು ಮ್ಯಾಂಚೆಸ್ಟರಿನ ಒಂದು ಊಟ-ವಸತಿಯ ಮನೆಯಲ್ಲಿದ್ದರು. ಯಜಮಾನಿತಿಯು ಉಳಿದ ಅಡುಗೆಯನ್ನೇ ರೂಪ ಬದಲಿಸಿ ಮತ್ತೆ ಬಡಿಸುತ್ತಾಳೆಂದು ಅವರಿಗೆ ಸಂಶಯ. ಒಂದು ದಿನ ತಟ್ಟೆಯಲ್ಲಿ ಉಳಿದುದಕ್ಕೆ ವಿಕಿರಣಶೀಲ ವಸ್ತುವನ್ನು ಲೇಶಮಾತ್ರ ಬೆರೆಸಿದರಂತೆ. ಕೆಲವು ದಿನಗಳ ಮೇಲೆ ಬಂದ ಹೊಸ ಭಕ್ಷ್ಯದ ಮೇಲೆ ಉಪಕರಣ ಹಿಡಿದಾಗ ಗುಟ್ಟು ರಟ್ಟಾಯಿತಂತೆ! ಕಥೆ ವಿನೋದದ್ದಾದರೂ ತತ್ತ್ವ ಗಂಭೀರವಾದುದು. 1923ರಲ್ಲಿ ಅವರು ವಿಕಿರಣಶೀಲ ಸೀಸದಿಂದ ಅವರೆಯ ಜಾತಿಯ ಗಿಡವೊಂದು ನೀರಿನೊಡನೆ ಏನನ್ನು ಹೀರುವುದೆಂದು ಪರೀಕ್ಷಿಸಿದರು. 1943ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಅವರಿಗೆ ಸಂದಿತು.

1940ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಮಾರ್ಟಿನ್ ಕಾಮೆನ್ ಮತ್ತು ಸ್ಯಾಮ್ ರೂಬೆನ್ ಇಂಗಾಲ-14 ಎಂಬ ಪರಮಾಣುವನ್ನು ಕಂಡುಹಿಡಿದರು. ಗುಣದಲ್ಲಿ ಇದು ಸಾಮಾನ್ಯ ಇಂಗಾಲದಂತೆಯೇ. ಆದರೆ ಆಗಾಗ ಒಂದು ಕ್ಷೀಣ ಕಿರಣವನ್ನು ಹೊರಸೂಸಿ ತಾನಿರುವ ತಾಣವನ್ನು ತಿಳಿಸುತ್ತದೆ. ಆ ಕಿರಣ ಮಾಂಸದಲ್ಲಿ ಒಂದು ಮಿಲಿಮೀಟರಿನಷ್ಟೂ ಸಾಗಲಾರದು. ಔಷಧಿಯ ಅಣುವಿನಲ್ಲಿ ಇದನ್ನು ಸೇರಿಸಿಬಿಟ್ಟರೆ, ಅದು ದೇಹದಲ್ಲಿ ಎಲ್ಲಿ ಹೋದರೂ ಸುಳಿವು ಸಿಕ್ಕುತ್ತದೆ.

ಜಮಾ-ಖರ್ಚಿನ ಲೆಕ್ಕ

1967ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸಂಶೋಧಕರಾದ ಫೆಲ್ಡ್‌ಮನ್ ಮತ್ತು ಮೈಬಾಕ್ ಎಂಬವರು ಈ ವಿಧಾನದಿಂದ ಮಾಡಿದ ಪರೀಕ್ಷೆ ಪ್ರಸಿದ್ಧವಾದುದು. ಇಂಗಾಲ-14ರ ಗುರುತುಳ್ಳ ಹೈಡ್ರೋಕಾರ್ಟಿಸೋನನ್ನು ಜನರ ಮೈಯ ಬೇರೆಬೇರೆ ಭಾಗಗಳಿಗೆ ಹಚ್ಚಿ, ಐದು ದಿನಗಳ ಮೂತ್ರವನ್ನು ಕೂಡಿಸಿ, ಅದರಲ್ಲಿನ ವಿಕಿರಣವನ್ನು ಎಣಿಸಿದರು. ಒಳಹೊಕ್ಕ ಮದ್ದೆಲ್ಲವೂ ಮೂತ್ರದಲ್ಲಿಯೇ ಹೊರಬರುವುದಿಲ್ಲವಷ್ಟೆ. ಆದುದರಿಂದ ಅದೇ ಮದ್ದನ್ನು ರಕ್ತನಾಳಕ್ಕೆ ಚುಚ್ಚಿ, ಎಷ್ಟು ಹೊರಬರುವುದೆಂದು ಪ್ರತ್ಯೇಕವಾಗಿ ನೋಡಬೇಕು. ಚುಚ್ಚಿದ ನೂರು ಪಾಲಿನಲ್ಲಿ ಅರುವತ್ತು ಮೂತ್ರದಲ್ಲಿ ದೊರೆಯಿತೆಂದು ಇಟ್ಟುಕೊಳ್ಳೋಣ. ಹಚ್ಚಿದಾಗ ಆರು ಪಾಲು ದೊರೆತರೆ, ಒಳಗೆ ಇಳಿದುದು ಹತ್ತು ಪಾಲೆಂದು ತಿಳಿಯಬೇಕು. ಲೆಕ್ಕದ ಪುಸ್ತಕ ಬರೆಯುವವರಿಗೆ ಇದು ಸುಲಭವಾಗಿ ಅರ್ಥವಾದೀತು.

ಫಲಿತಾಂಶ ಕುತೂಹಲಕರವಾಗಿತ್ತು. ಮುಂದೋಳಿನ ಒಳಭಾಗದಲ್ಲಿ ನೂರಕ್ಕೆ ಸುಮಾರು ಒಂದು ಪಾಲು ಮಾತ್ರ ಒಳಸೇರಿತ್ತು. ಅದನ್ನು ಒಂದೆಂದು ಹಿಡಿದರೆ ಅಂಗಾಲಿನಲ್ಲಿ 0.14, ಅಂಗೈಯಲ್ಲಿ 0.83, ನೆತ್ತಿಯಲ್ಲಿ 3.5, ಕಂಕುಳಲ್ಲಿ 3.6, ಹಣೆಯಲ್ಲಿ 6, ದವಡೆಯ ಮೂಲೆಯಲ್ಲಿ 13, ವೃಷಣದ ಚರ್ಮದಲ್ಲಿ 42! ಒಂದೇ ಮೈ, ಒಂದೇ ಮದ್ದು. ಆದರೆ ಬಾಗಿಲು ಎಲ್ಲೆಡೆಯಲ್ಲಿಯೂ ಒಂದೇ ಅಲ್ಲ.

ಈ ಬಾಗಿಲೆಂದರೆ ಚರ್ಮದ ಅತ್ಯಂತ ಮೇಲಿನ ನಿರ್ಜೀವ ಪದರ. ಬಹುತೇಕ ಕಡೆಗಳಲ್ಲಿ ಅದರ ದಪ್ಪ ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು. ಅದು ನೆನೆದು ಮೆತ್ತಗಾದರೆ, ಒಡೆದರೆ, ಅಥವಾ ಮೇಲೆ ಪ್ಲಾಸ್ಟಿಕ್ ಸುತ್ತಿದರೆ ಮದ್ದು ಇನ್ನೂ ಹೆಚ್ಚಾಗಿ ಇಳಿಯುತ್ತದೆ. ಈ ಗುಣದಿಂದ ಉಪಕಾರವೂ ಉಂಟು: ಪ್ರಯಾಣದ ವಾಂತಿಯನ್ನು ತಡೆಯಲು ಕಿವಿಯ ಹಿಂದೆ ಅಂಟಿಸುವ ಮದ್ದಿನ ಪಟ್ಟಿಗೆ 1979ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.

ನಮಗೆ ಇದರಿಂದೇನು?

ಒಲೆಯ ಮುಂದೆ ದಿನವಿಡೀ ಬೆವರುವವನಿಗೆ, ಒದ್ದೆ ಬಟ್ಟೆಯಲ್ಲಿಯೇ ಪಾತ್ರೆ ತೊಳೆಯುವವನಿಗೆ ತೊಡೆಯ ಸಂದಿಯಲ್ಲಿ ಗಜಕರ್ಣವಾಗುವುದು ಸಾಮಾನ್ಯ. ನಾಚಿಕೆಯಿಂದ ವೈದ್ಯರ ಬಳಿಗೆ ಹೋಗದೆ, ಜೊತೆಗಾರ ಹೇಳಿದ ಟ್ಯೂಬನ್ನು ಅಂಗಡಿಯಿಂದ ತಂದು ಹಚ್ಚುವವರೇ ಹೆಚ್ಚು. ಇಂತಹ ಅನೇಕ ಟ್ಯೂಬುಗಳಲ್ಲಿ ಹೈಡ್ರೋಕಾರ್ಟಿಸೋನಿಗಿಂತ ಎಷ್ಟೋ ಪ್ರಬಲವಾದ ಸ್ಟೆರಾಯ್ಡುಗಳಿರುತ್ತವೆ. ಮದ್ದನ್ನು ಅತಿ ಹೆಚ್ಚಾಗಿ ಹೀರುವ ಒದ್ದೆಯಾದ ಜಾಗವೂ ಅದೇ. ತುರಿಕೆ ಎರಡು ದಿನದಲ್ಲಿ ಅಡಗುತ್ತದೆ, ಆದರೆ ರೋಗದ ಬೂಷ್ಟು ಒಳಗೊಳಗೇ ಹಬ್ಬುತ್ತದೆ. ಚರ್ಮ ತೆಳುವಾಗಿ ಬಿರಿಯುತ್ತದೆ. ಬಿಳುಪಾಗಲೆಂದು ಇದನ್ನೇ ಮುಖಕ್ಕೆ ಹಚ್ಚುವವರ ಪಾಡೂ ಅಷ್ಟೇ. 2018ರಲ್ಲಿ ಕೇಂದ್ರ ಸರ್ಕಾರವು ಹಲವು ಸ್ಟೆರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ವಿಧಿಸಿದುದು ಈ ಕಾರಣದಿಂದಲೇ.

ಅಂಗೈಗೆ ಹಿತವಾದ ಮದ್ದು ಮುಖಕ್ಕೆ ಹಿತವೆನ್ನುವಂತಿಲ್ಲ. ಒಬ್ಬನಿಗೆ ಬರೆದುಕೊಟ್ಟುದು ಕೋಣೆಯ ಹತ್ತು ಮಂದಿಗೆ ಅಲ್ಲ. ಮೈಮೇಲೆ ಹಚ್ಚುವುದೂ ಒಂದು ಬಗೆಯಲ್ಲಿ ಸೇವಿಸುವುದೇ ಎಂಬ ಎಚ್ಚರ ಇರಲಿ.