ಹಾಯಿದೋಣಿಯ ಮನೆಗೆಲಸ: ಅಂದುಕೊಂಡಿದ್ದೇ ಬೇರೆ, ಇರುವುದೇ ಬೇರೆ

ನೌಕಾಪಡೆಯ ಅಧಿಕಾರಿಗಳಾದ ದಿಲ್ನಾ ಕೆ. ಮತ್ತು ರೂಪಾ ಎ. 2024ರ ಅಕ್ಟೋಬರ್ 2ರಂದು ಗೋವಾದಿಂದ ಹೊರಟು, ‘ತಾರಿಣಿ’ ಎಂಬ 56 ಅಡಿಯ ಹಾಯಿದೋಣಿಯಲ್ಲಿ ಭೂಮಿಯನ್ನೇ ಸುತ್ತಿ 2025ರ ಮೇ 29ಕ್ಕೆ ಮರಳಿದರು. ಸುದ್ದಿಯಲ್ಲಿ ನಾವು ಓದಿದ್ದು ಅಲೆ, ಬಿರುಗಾಳಿ, ಧೈರ್ಯದ ಮಾತು. ಅದೆಲ್ಲ ನಿಜವೇ. ಆದರೆ ಇಬ್ಬರೇ ಇರುವ ದೋಣಿಯಲ್ಲಿ ಅಡುಗೆ, ಹೊಲಿಗೆ, ಎಂಜಿನ್ ರಿಪೇರಿ, ಪ್ಲಂಬಿಂಗ್ ಎಲ್ಲವೂ ಆ ಇಬ್ಬರ ಪಾಲಿಗೇ. ಸಾಗರಯಾನದ ಈ ಮಗ್ಗುಲನ್ನು ಯಾರೂ ಕೇಳುವುದಿಲ್ಲ. ಹಾಗಾಗಿಯೇ ತಪ್ಪು ತಿಳಿವಳಿಕೆಗಳೂ ಬೇಕಾದಷ್ಟಿವೆ.

ತಪ್ಪು ಕಲ್ಪನೆ: ಯಾಟ್ ಎಂದರೆ ವಿಹಾರ, ಕೆಲಸಕ್ಕೆ ಆಳುಗಳಿರುತ್ತಾರೆ

ಅದು ಸಿನಿಮಾದಲ್ಲಿ ಕಾಣುವ ಭಾರಿ ಮೋಟಾರ್ ಯಾಟ್‌ಗಳ ಕಥೆ. ಸಮುದ್ರ ದಾಟುವ ಸಣ್ಣ ಹಾಯಿದೋಣಿಗಳಲ್ಲಿ ಎಷ್ಟೋ ಸಲ ಗಂಡ-ಹೆಂಡತಿ ಇಬ್ಬರೇ ಇರುತ್ತಾರೆ. ಒಬ್ಬರು ಮಲಗಿದರೆ ಇನ್ನೊಬ್ಬರು ಕಾವಲು. ಮೂರೋ ನಾಲ್ಕೋ ಗಂಟೆಯ ಪಾಳಿ ಮುಗಿಸಿ ಒಳಗಿಳಿದವರಿಗೆ ತೊಳೆಯದ ಪಾತ್ರೆಯೂ ಕಾದಿರುತ್ತದೆ.

ತಪ್ಪು ಕಲ್ಪನೆ: ದೋಣಿ ಹಾಳಾಗುವುದು ಬಿರುಗಾಳಿಯಿಂದ

ಬಿರುಗಾಳಿ ಎಂದೋ ಒಮ್ಮೆ ಬರುತ್ತದೆ. ಉಜ್ಜಾಟ, ಬಿಸಿಲು, ಉಪ್ಪು ದಿನಾ ಇರುತ್ತವೆ. ರಾತ್ರಿಯೆಲ್ಲ ಒಂದೇ ಜಾಗದಲ್ಲಿ ತಿಕ್ಕಾಡಿದ ಹಗ್ಗ ಬೆಳಗಾಗುವಷ್ಟರಲ್ಲಿ ನಾರು ನಾರಾಗಿ ಎದ್ದಿರುತ್ತದೆ. ಹಾಯಿಯ ಬಟ್ಟೆ ಇನ್ನೂ ಗಟ್ಟಿಯಾಗಿರುವಾಗಲೇ ಬಿಸಿಲಿನ ಅತಿನೇರಳೆ ಕಿರಣಕ್ಕೆ ಹೊಲಿಗೆಯ ದಾರ ಸತ್ತಿರುತ್ತದೆ. ಉಗುರಿನಿಂದ ಗೀರಿದರೆ ಪುಡಿಯಾಗಿ ಉದುರುತ್ತದೆ. ಅದಕ್ಕೇ ಅನುಭವಿಗಳು ಬೆಳಗ್ಗೆ ಮೊದಲು ಡೆಕ್ಕನ್ನು ಒಂದು ಸುತ್ತು ಹಾಕುತ್ತಾರೆ. ಹಗ್ಗ ಹಾಯುವ ಪ್ರತಿ ರಾಟೆ, ಪ್ರತಿ ಪಿನ್ನು ನೋಡುತ್ತಾರೆ. ಡೆಕ್ ಮೇಲೆ ಒಂದು ಸ್ಕ್ರೂ ಬಿದ್ದಿದ್ದರೆ ಅದು ಎಲ್ಲಿಂದ ಬಿತ್ತು ಎಂದು ಪತ್ತೆಯಾಗುವವರೆಗೆ ಬೇರೆ ಕೆಲಸವಿಲ್ಲ.

ಇದೇ ತಾರಿಣಿ 2017-18ರಲ್ಲಿ ಆರು ಮಹಿಳಾ ಅಧಿಕಾರಿಗಳೊಂದಿಗೆ ಮೊದಲ ಬಾರಿ ಭೂಮಿ ಸುತ್ತಿದಾಗ ದಕ್ಷಿಣ ಸಾಗರದ ಭೀಕರ ಅಲೆಗಳನ್ನು ದಾಟಿತ್ತು. ಆಮೇಲೆ, ಊರು ಹತ್ತಿರವಾಗುತ್ತಿದ್ದಾಗ, ಚುಕ್ಕಾಣಿ ವ್ಯವಸ್ಥೆ ಕೈಕೊಟ್ಟು ಮಾರಿಷಸ್ಸಿನ ಪೋರ್ಟ್ ಲೂಯಿಸ್‌ಗೆ ಹೋಗಿ ರಿಪೇರಿ ಮಾಡಿಸಬೇಕಾಯಿತು.

ತಪ್ಪು ಕಲ್ಪನೆ: ಸುತ್ತಲೂ ನೀರೇ, ಒಗೆಯಲು ತೊಳೆಯಲು ಏನು ಕಷ್ಟ?

ಪಾತ್ರೆಯನ್ನು ಕಡಲ ನೀರಲ್ಲಿ ತೊಳೆದು ಕೊನೆಗೆ ಸ್ವಲ್ಪ ಸಿಹಿನೀರು ಹಾಕಿದರೆ ನಡೆಯುತ್ತದೆ. ಬಟ್ಟೆಗೆ ಅದು ಸಾಲದು. ನೂಲಿನೊಳಗೆ ಉಳಿದ ಉಪ್ಪು ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ಒಣಗಿದ ಅಂಗಿ ಸಂಜೆಗೆ ಮತ್ತೆ ಹಸಿ, ಮೈಗೆಲ್ಲ ತುರಿಕೆ. ಮಳೆ ಬಂದಾಗ ಬಕೆಟ್, ಟಾರ್ಪಾಲು ಹಿಡಿದು ಓಡುವುದು ಇದಕ್ಕೇ. ಕಡಲ ನೀರನ್ನು ಸಿಹಿ ಮಾಡುವ ಆರ್‌ಒ ಯಂತ್ರ ಇದ್ದರೂ ಅದಕ್ಕೆ ವಿದ್ಯುತ್ ಬೇಕು. ಕೆಲವು ದಿನ ಬಳಸದಿದ್ದರೆ ಅದರ ಪೊರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಬಂದರಿನ ಎಣ್ಣೆ ತೇಲುವ ನೀರಂತೂ ಅದಕ್ಕೆ ಸಲ್ಲದು.

ತಪ್ಪು ಕಲ್ಪನೆ: ಅಡುಗೆಯೂ ಮನೆಯಲ್ಲಿ ಮಾಡಿದಂತೆಯೇ, ಜಾಗ ಸಣ್ಣದು ಅಷ್ಟೆ

ದೋಣಿ ಒಂದು ಮಗ್ಗುಲಿಗೆ ವಾಲಿದರೂ ಒಲೆ ನೆಟ್ಟಗೆ ನಿಲ್ಲಬೇಕು. ಅದಕ್ಕೆಂದೇ ಅದನ್ನು ತೂಗಾಡುವಂತೆ ಕೂರಿಸಿರುತ್ತಾರೆ, ಪಾತ್ರೆ ಜಾರದಂತೆ ಹಿಡಿಕೆ ಬಿಗಿಯುತ್ತಾರೆ. ಮುಚ್ಚಳ ಕಚ್ಚಿಕೊಂಡಿರುವ ನಮ್ಮ ಪ್ರೆಷರ್ ಕುಕ್ಕರ್ ಅಲ್ಲಿ ಬಲು ಉಪಯುಕ್ತ. ಕಡಲು ಕೆರಳಿದಾಗ ಬಿಸಿನೀರು ಮೈಮೇಲೆ ಚೆಲ್ಲೀತೆಂದು ಮಳೆಕೋಟಿನ ಪ್ಯಾಂಟ್ ತೊಟ್ಟು ಅಡುಗೆ ಮಾಡುವವರಿದ್ದಾರೆ.

ನಿಜವಾದ ಭಯ ಗ್ಯಾಸಿನದು. ಎಲ್‌ಪಿಜಿ ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲು ತೆರೆದು ಹೊರಹಾಕಬಹುದು. ದೋಣಿಯ ಒಡಲೋ ಒಂದು ಕೊಪ್ಪರಿಗೆ. ಸೋರಿದ ಗ್ಯಾಸ್ ತಳಕ್ಕಿಳಿದು ಅಲ್ಲೇ ಕೂರುತ್ತದೆ. ತಳದ ಪಂಪಿನ ಸ್ವಿಚ್ಚಿನ ಒಂದು ಕಿಡಿ ಸಾಕು. ಆದ್ದರಿಂದ ಸಿಲಿಂಡರಿನ ಗೂಡಿಗೆ ಗ್ಯಾಸ್ ದೋಣಿಯ ಹೊರಗೇ ಇಳಿದುಹೋಗುವ ಕಂಡಿ ಇರುತ್ತದೆ, ಚಹಾ ಕಾಸಿದರೂ ಸರಿ, ಪ್ರತಿ ಸಲ ಸಿಲಿಂಡರ್ ಬಳಿಯೇ ಗ್ಯಾಸ್ ಬಂದ್ ಮಾಡುತ್ತಾರೆ. ನನ್ನ ಮಟ್ಟಿಗೆ ದೋಣಿಯ ನಿಯಮಗಳಲ್ಲಿ ಇದಕ್ಕೆ ಮೊದಲ ಸ್ಥಾನ.

ತಪ್ಪು ಕಲ್ಪನೆ: ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕಿಲ್ಲ

ಅದರ ರಕ್ಷಣೆಯ ತೆಳುಪದರ ಉಳಿಯಲು ಆಮ್ಲಜನಕ ಬೇಕು. ಉಪ್ಪುನೀರು ನಿಂತ, ಗಾಳಿಯಾಡದ ಸಂದಿಯಲ್ಲಿ ಉಕ್ಕು ಒಳಗೊಳಗೇ ತಿಂದುಹೋಗುತ್ತದೆ. ಹೊರಗೆ ಫಳಫಳ ಎನ್ನುವ ಬೋಲ್ಟ್ ಬಿಚ್ಚಿ ನೋಡಿದಾಗಲೇ ಗುಟ್ಟು ತಿಳಿಯುವುದು.

ತಪ್ಪು ಕಲ್ಪನೆ: ದೋಣಿಯ ತಳದಲ್ಲಿ ತೂತಿರುವುದಿಲ್ಲ

ಬೇಕೆಂದೇ ಕೊರೆದವು ಹಲವು ಇರುತ್ತವೆ: ಎಂಜಿನ್ ತಂಪು ಮಾಡುವ ನೀರಿಗೆ, ಶೌಚಾಲಯಕ್ಕೆ, ಸಿಂಕಿಗೆ. ಪ್ರತಿಯೊಂದಕ್ಕೂ ಒಂದು ವಾಲ್ವ್. ಆಗಾಗ ತಿರುಗಿಸದಿದ್ದರೆ ಅದು ಬಿಗಿದು ಕೂರುತ್ತದೆ, ಪೈಪು ಒಡೆದ ದಿನ ಮುಚ್ಚಲಾಗುವುದಿಲ್ಲ. ಹಾಗಾದಾಗ ತೂತಿಗೆ ಬಡಿಯಲೆಂದು ಪ್ರತಿ ವಾಲ್ವಿನ ಪಕ್ಕ ಮರದ ಬೆಣೆಯೊಂದನ್ನು ಕಟ್ಟಿಟ್ಟಿರುತ್ತಾರೆ.

ನಿಮಗೆ ಎಂದಾದರೂ ಹಾಯಿದೋಣಿ ಹತ್ತುವ ಅವಕಾಶ ಬಂದರೆ ಗ್ಯಾಸ್ ಬಂದ್ ಮಾಡುವುದೆಲ್ಲಿ, ವಾಲ್ವ್‌ಗಳೆಲ್ಲಿ, ತಳದ ನೀರು ಹೊರಹಾಕುವ ಪಂಪ್ ಎಲ್ಲಿ ಎಂದು ಮೊದಲು ಕೇಳಿ, ಕೈಯಾರೆ ತಿರುಗಿಸಿ ನೋಡಿ. ಚುಕ್ಕಾಣಿ ಹಿಡಿಯುವುದನ್ನು ಆಮೇಲೆ ಕಲಿಯಬಹುದು.