ತಿರುವಿಗೆ ಮುನ್ನ ಒಂದು ಮಾತು

ತಿರುಗುವ ಮುನ್ನ ಹೇಳಿ ತಿರುಗುವುದು ರಸ್ತೆಯ ಸೌಜನ್ಯ. ಹಿಂದೆ ಚಾಲಕನು ಕಿಟಕಿಯಿಂದ ಕೈಚಾಚಿ ಅದನ್ನು ಹೇಳುತ್ತಿದ್ದ. ಅನಂತರ ಕೆಲವು ಕಾರುಗಳ ಪಾರ್ಶ್ವದಲ್ಲಿ ಪುಟ್ಟ ಕೈಮರವೊಂದು ಎದ್ದು ನಿಂತು ಹೇಳಿತು. ಕೊನೆಗೆ ಮಿನುಗುವ ದೀಪ ಬಂದಿತು. ಹಿಂದೆ ಬರುವ ಸೈಕಲ್ ಸವಾರ ಆ ದೀಪವನ್ನು ನಂಬಿಯೇ ಮುಂದುವರಿಯುತ್ತಾನೆ. ಆದುದರಿಂದ ಅದು ಕೆಟ್ಟರೆ ಕೆಡುವುದು ಬರಿಯ ಗಾಜಿನ ಬುರುಡೆಯಲ್ಲ, ಕೊಡಬೇಕಾದ ಮಾತು ಎಂದು ನಾನು ತಿಳಿಯುತ್ತೇನೆ.

ಅಂಬಾಸಡರ್ ಕಾರನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಈ ಭಾರತೀಯ ರೂಪವು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೆ ತಯಾರಾಯಿತು. ಉಳಿದಿರುವ ಕಾರುಗಳನ್ನು ಅರಿತು ಕಾಪಾಡಬೇಕಾದವರು ಈಗ ಅವುಗಳ ಒಡೆಯರೇ.

ಹಳೆಯ ಕಾರಿನ ದೀಪವನ್ನು ಮಿನುಗಿಸುವುದು ಫ್ಲಾಷರ್ ಎಂಬ ಪುಟ್ಟ ಡಬ್ಬಿ. ಅದರ ರಹಸ್ಯವೆಲ್ಲ ಶಾಖದಲ್ಲಿದೆ. ಒಂದು ಬಗೆಯ ಫ್ಲಾಷರಿನೊಳಗೆ ಎರಡು ಲೋಹಗಳನ್ನು ಬೆಸೆದ ಪಟ್ಟಿಯಿರುತ್ತದೆ. ವಿದ್ಯುತ್ತು ಹರಿದಾಗ ಅದು ಕಾಯುತ್ತದೆ. ಲೋಹಗಳೆರಡೂ ಸಮನಾಗಿ ಹಿಗ್ಗದ ಕಾರಣ ಪಟ್ಟಿ ಬಾಗಿ, ಸಂಪರ್ಕ ತಪ್ಪಿ, ದೀಪ ಆರುತ್ತದೆ. ತಣಿದೊಡನೆ ನೆಟ್ಟಗಾಗಿ ಮತ್ತೆ ಬೆಳಗಿಸುತ್ತದೆ. ನಾವು ಕೇಳುವ ‘ಟಿಕ್ ಟಿಕ್’ ಈ ಉಸಿರಾಟದ ಸದ್ದು. ನಿಮಿಷಕ್ಕೆ 60ರಿಂದ 120 ಬಾರಿ ಎಂಬುದು ಅದರ ಒಪ್ಪಿತ ಲಯ.

ಈ ಲಯವೇ ರೋಗವನ್ನು ತಿಳಿಸುವ ನಾಡಿ. 12 ವೋಲ್ಟಿನ ಕಾರಿನಲ್ಲಿ ಮುಂದೊಂದು ಹಿಂದೊಂದು, ತಲಾ 21 ವ್ಯಾಟಿನ ಬಲ್ಬುಗಳು ಒಟ್ಟಿಗೆ ಸುಮಾರು 3.5 ಆಂಪಿಯರ್ ವಿದ್ಯುತ್ತನ್ನು ಸೆಳೆಯುತ್ತವೆ. ಒಂದು ಸುಟ್ಟರೆ ಹರಿವು ಅರ್ಧಕ್ಕಿಳಿಯುತ್ತದೆ; ಪಟ್ಟಿ ಸಾಕಷ್ಟು ಕಾಯದೆ, ಉಳಿದ ಬಲ್ಬು ಮಿನುಗದೆ ಉರಿಯುತ್ತ ನಿಲ್ಲಬಹುದು. ಅಲ್ಪ ವಿದ್ಯುತ್ತು ಸಾಕಾಗುವ ಎಲ್‌ಇಡಿ ಬಲ್ಬುಗಳನ್ನು ತೊಡಿಸಿದಾಗಲೂ ಹೀಗೆಯೇ ಆಗುತ್ತದೆ. ಅವುಗಳಿಗೆ ತಕ್ಕ ಇಲೆಕ್ಟ್ರಾನಿಕ್ ಫ್ಲಾಷರ್ ಹಾಕುವುದೇ ಪರಿಹಾರ.

ಇನ್ನು ಹುಡುಕುವ ಕ್ರಮ. ಮೊದಲು ಎಡ ಬಲಗಳೆರಡನ್ನೂ ಪರೀಕ್ಷಿಸಬೇಕು. ಒಂದೇ ಪಕ್ಕ ಸುಮ್ಮನಿದ್ದರೆ ಆ ಪಕ್ಕದ ಬಲ್ಬು, ಹೋಲ್ಡರು, ತಂತಿಗಳನ್ನು ನೋಡಬೇಕು. ಎರಡೂ ಸುಮ್ಮನಿದ್ದರೆ ದೋಷವು ಎರಡಕ್ಕೂ ಸಮಾನವಾದ ದಾರಿಯಲ್ಲಿರುವುದು ಹೆಚ್ಚು ಸಂಭವ: ಫ್ಯೂಸ್, ಫ್ಲಾಷರ್ ಅಥವಾ ಸ್ವಿಚ್ಚು. ಫ್ಯೂಸ್ ಸರಿಯಾಗಿದ್ದರೆ, ಫ್ಲಾಷರಿನ ಬಿ ಮತ್ತು ಎಲ್ ತುದಿಗಳ ತಂತಿಗಳನ್ನು ಕಳಚಿ ಒಂದಕ್ಕೊಂದು ಜೋಡಿಸಿ, ಬಳಿಕ ಇಗ್ನಿಷನ್ನನ್ನೂ ತಿರುವಿನ ಸ್ವಿಚ್ಚನ್ನೂ ಹಾಕಿ ನೋಡಬೇಕು. ದೀಪಗಳು ಸ್ಥಿರವಾಗಿ ಉರಿದರೆ ಕೆಟ್ಟಿರುವುದು ಫ್ಲಾಷರ್. ಉರಿಯದಿದ್ದರೆ ಅದನ್ನು ದೂರಿ ಫಲವಿಲ್ಲ. ಸ್ವಿಚ್ಚಿನತ್ತ, ತಂತಿಗಳತ್ತ ಸಾಗಬೇಕು.

ಎಲ್ಲಕ್ಕಿಂತ ವಂಚಕವಾದುದು ಅರ್ಥಿಂಗಿನ ದೋಷ. ಕಾರಿನ ಲೋಹದ ಮೈಯೇ ವಿದ್ಯುತ್ತು ಬ್ಯಾಟರಿಗೆ ಮರಳುವ ದಾರಿ. ದೀಪದ ಬುಡದಲ್ಲಿ ತುಕ್ಕು ಹಿಡಿದರೆ ಆ ದಾರಿ ಇಕ್ಕಟ್ಟಾಗುತ್ತದೆ. ಆಗ ದೀಪ ಮಂಕಾಗುತ್ತದೆ. ಕೆಲವೊಮ್ಮೆ ವಿದ್ಯುತ್ತು ಪಕ್ಕದ ಬಲ್ಬಿನ ಮೂಲಕ ಅಡ್ಡದಾರಿ ಹಿಡಿದು, ಬ್ರೇಕ್ ಒತ್ತಿದರೆ ತಿರುವಿನ ದೀಪವೂ ಕ್ಷೀಣವಾಗಿ ಬೆಳಗುತ್ತದೆ. ಹೋಲ್ಡರಿನಿಂದ ಶುಭ್ರವಾದ ಲೋಹಕ್ಕೆ ತಂತಿಯೊಂದನ್ನು ಮುಟ್ಟಿಸಿದಾಗ ಬೆಳಕು ಹೆಚ್ಚಿದರೆ ರೋಗ ನಿಶ್ಚಿತ. ಉಜ್ಜುಕಾಗದದ ಚೂರೊಂದು ಮಾಡುವ ಚಿಕಿತ್ಸೆಗಾಗಿ ಫ್ಲಾಷರನ್ನೇ ಬದಲಿಸುವವರುಂಟು. ಹೋಗುವ ದಾರಿಯನ್ನಷ್ಟೇ ನೋಡಿ ಮರಳುವ ದಾರಿಯನ್ನು ಮರೆತವರಿಗೆ ಈ ದೋಷ ಕಾಣುವುದಿಲ್ಲ.

ದುರಸ್ತಿ ಮುಗಿಯುವವರೆಗೆ, ಹಗಲಿನ ಹೊತ್ತು, ಹಿಂದಿನವರ ಕೈಸನ್ನೆ ಇದ್ದೇ ಇದೆ. ಇರುಳಿನಲ್ಲಿ ಮಾತ್ರ ಕೈ ಕಾಣುವುದಿಲ್ಲ. ದೀಪ ಸರಿಹೋಗದೆ ಕಾರು ಹೊರಡಬಾರದು.